ನಾಳೆ ನೆನಪಿಸು

ಊಟದ ಹೊತ್ತಿಗೆ ಎಲ್ಲರೂ ಕುರ್ಚಿ ಸರಿಸಿ ಎದ್ದುಹೋದ ಮೇಲೆ ಅವಳು ಒಮ್ಮೆ ಹಿಂದಕ್ಕೆ ತಿರುಗಿ ನೋಡಿದಳು, ಮತ್ತೊಮ್ಮೆ ನೋಡಿದಳು, ಆಮೇಲೆ ಮೇಜಿನ ಮೇಲಿದ್ದ ಕರಡು ಹಾಳೆಗಳನ್ನು ಪರದೆ ಅರ್ಧ ಮರೆಯಾಗುವಂತೆ ಎತ್ತಿ ನಿಲ್ಲಿಸಿಕೊಂಡಳು. ಕಳ್ಳತನಕ್ಕೆ ಹೊರಟವರೂ ಇಷ್ಟು ಜಾಗ್ರತೆ ವಹಿಸುವುದಿಲ್ಲವೇನೋ ಅನ್ನಿಸಿತು. ಮಾಡುತ್ತಿದ್ದುದು ತನ್ನದೇ ಮನೆಯ ಕಂಪ್ಯೂಟರನ್ನು ಕಚೇರಿಯಿಂದ ತೆರೆದು ನೋಡುವ ಕೆಲಸ. ಅದರಲ್ಲಿ ಮುಚ್ಚಿಡುವಂಥದ್ದೇನಿದೆ ಎಂದು ಯಾರಾದರೂ ಕೇಳಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಇಲ್ಲಿ ಅವಳನ್ನು ಯಾರೂ ಏನೂ ಕೇಳದಿರುವುದೇ ರೂಢಿಯಾಗಿತ್ತು. ಪಕ್ಕದ ಮೇಜಿನವಳು ಮಾತ್ರ ದಿನಾ ಏಳುವ ಮೊದಲು ಒಂದು ಕಿತ್ತಳೆ ಹಣ್ಣು ಸುಲಿದು, ಅರ್ಧ ತೊಳೆಗಳನ್ನು ಕಾಗದದ ಮೇಲಿಟ್ಟು, ಕಾಯಿಲೆಯವರಿರುವ ಮನೆಯಲ್ಲಿ ಓಡಾಡುವ ಹಾಗೆ ಸಪ್ಪಳ ಮಾಡದೆ ಹೋಗುತ್ತಿದ್ದಳು. ಆ ತೊಳೆಗಳನ್ನು ತಿನ್ನಲೂ ಆಗದೆ ಬೇಡವೆನ್ನಲೂ ಆಗದೆ ಸಂಜೆ ಕೈಚೀಲದಲ್ಲಿ ಒಯ್ದು ಬಸ್ ನಿಲ್ದಾಣದ ಕಸದ ಡಬ್ಬಿಗೆ ಹಾಕುವಾಗ, ಯಾರದೋ ಮರುಕವನ್ನು ಎಸೆದು ಬಂದವಳ ಹಾಗೆ ಅವಳಿಗೆ ಕೈ ಒರೆಸಿಕೊಳ್ಳಬೇಕೆನಿಸುತ್ತಿತ್ತು.

ಪರದೆಯ ಮೇಲೆ ಮನೆಯ ಯಂತ್ರಗಳ ಹೆಸರುಗಳು ಒಂದರ ಕೆಳಗೊಂದು ಮೂಡಿದವು. ಸೋದರತ್ತೆ, ಭಾವ, ದೊಡ್ಡಣ್ಣ. ಮನೆಮನೆಗೆ ಹೋಗಿ ಕೇಬಲ್ ಎಳೆದು, ಅಲ್ಲಿನ ಕಂಪ್ಯೂಟರು ಪ್ರಿಂಟರುಗಳೆಲ್ಲ ಒಂದಕ್ಕೊಂದು ಮಾತಾಡುವ ಹಾಗೆ ಮಾಡಿಕೊಡುವುದು ಗಂಡನ ಕಸುಬಾಗಿತ್ತು. ಬೇರೆಯವರ ಮನೆಗಳಲ್ಲಿ ಯಂತ್ರಗಳಿಗೆ ಒಂದು, ಎರಡು, ಮೂರು ಎಂದು ಹೆಸರಿಡುತ್ತಿದ್ದವನು ತನ್ನ ಮನೆಯಲ್ಲಿ ಮಾತ್ರ ನೆಂಟಸ್ತನ ಬೆಳೆಸಿದ್ದ. ಮೂಲೆಯಲ್ಲಿ ಕೂತು ಕೊಟ್ಟದ್ದನ್ನೆಲ್ಲ ಒಳಗೆ ಹಾಕಿಕೊಂಡು, ಯಾವ ಕಾಲದ್ದನ್ನೋ ನೆನಪಿಟ್ಟುಕೊಂಡಿರುವ ಪೆಟ್ಟಿಗೆ ಸೋದರತ್ತೆ. ಪುಸಲಾಯಿಸದೆ ಒಂದು ಹಾಳೆಯನ್ನೂ ಹೊರಗೆ ಬಿಡದ ಪ್ರಿಂಟರು ಭಾವ. ಅವನದೇ ಕಂಪ್ಯೂಟರು ದೊಡ್ಡಣ್ಣ, ಏಕೆಂದರೆ ಹೊರಗಿನಿಂದ ಯಾರೇ ಬರಲಿ ಮೊದಲು ಅದರ ಮುಂದೆ ನಿಂತು ಒಪ್ಪಿಗೆ ಪಡೆಯಬೇಕು, ಉಳಿದವರ ಮಾತು ಆಮೇಲೆ. ಮನೆಗೆ ಬಂದವರಿಗೆಲ್ಲ ಈ ಹೆಸರುಗಳನ್ನು ಹೇಳಿ ಅವನು ನಗುವಾಗ ಅವಳಿಗೆ ಸಣ್ಣಗೆ ನಾಚಿಕೆಯಾಗುತ್ತಿತ್ತು, ಮಕ್ಕಳಿಲ್ಲದ ಮನೆಯವರು ಯಂತ್ರಗಳನ್ನು ಎತ್ತಿ ಆಡಿಸುತ್ತಿದ್ದಾರೆ ಎಂದುಕೊಂಡಾರು ಎಂದು. ಈಗ ದೊಡ್ಡಣ್ಣನ ಪಕ್ಕದಲ್ಲಿ ಹಸಿರು ಚುಕ್ಕೆ ಇತ್ತು. ಇದ್ದಾನೆ, ಎಚ್ಚರವಾಗಿದ್ದಾನೆ ಎಂದು ಅದರ ಅರ್ಥ. ಅವಳು ಅದರ ಮೇಲೆ ಒತ್ತಿದಳು.

ಸ್ವಲ್ಪ ಹೊತ್ತು ಬರೀ ಬೂದು ಬಣ್ಣ. ಆಮೇಲೆ ಮನೆಯ ಒಳಕೋಣೆಯ ಪರದೆ ಇದ್ದದ್ದು ಇದ್ದ ಹಾಗೆ ಇಲ್ಲಿ ಅವಳ ಮುಂದೆ ಬಂದು ನಿಂತಿತು: ಒಬ್ಬರೇ ಆಡುವ ಇಸ್ಪೀಟಾಟ, ಅರ್ಧಕ್ಕೆ ನಿಂತದ್ದು, ಅದರ ಹಿಂದೆ ಯಾರದೋ ಮನೆಯ ಕೇಬಲ್ ನಕ್ಷೆ, ಇನ್ನೂ ಬಚ್ಚಲಮನೆಯ ಗೋಡೆ ದಾಟದ್ದು, ಅದರ ಹಿಂದೆ ನಲ್ಲಿಯ ವಾಷರ್ ಬದಲಿಸುವುದನ್ನು ತೋರಿಸುವ ವಿಡಿಯೊ, ನಡುವೆ ತಡೆದು ನಿಲ್ಲಿಸಿದ್ದರಿಂದ ಒಬ್ಬ ಅಪರಿಚಿತ ಪಾನಾ ಹಿಡಿದು ವಾರಗಟ್ಟಲೆಯಿಂದ ಬಾಯಿ ತೆರೆದುಕೊಂಡೇ ಇದ್ದ. ಕೆಳಗಿನ ಮೂಲೆಯಲ್ಲಿ ಒಂದು ಸಣ್ಣ ಚೌಕ. ಯಂತ್ರಕ್ಕೆ ಹೊಸ ತಿದ್ದುಪಡಿಗಳು ಬಂದಿವೆ, ಒಮ್ಮೆ ಮುಚ್ಚಿ ತೆರೆಯಬೇಕು ಎಂದು ಅದು ದಿನಾ ಕೇಳುತ್ತಿತ್ತು. ಈಗಲೇ, ಅಥವಾ ನಾಳೆ ನೆನಪಿಸು. ಮುಚ್ಚಿ ತೆರೆದರೆ ಆಟವೂ ನಕ್ಷೆಯೂ ಬಾಯಿ ತೆರೆದ ಮನುಷ್ಯನೂ ಹೋಗುತ್ತಾರೆ, ಖಾಲಿ ನೀಲಿ ಉಳಿಯುತ್ತದೆ. ಅವನ ಬಟ್ಟೆಗಳನ್ನು ಯಾರಿಗೋ ಕೊಟ್ಟಾಗಿತ್ತು, ಚಪ್ಪಲಿ ಎಲ್ಲಿ ಹೋಯಿತೆಂದು ಅವಳು ಕೇಳಿರಲಿಲ್ಲ, ದಿಂಬಿನಲ್ಲಿದ್ದ ತಲೆಯ ಗುಳಿ ಕೂಡ ತಾನಾಗಿ ಉಬ್ಬಿ ಮಟ್ಟಸವಾಗಿತ್ತು. ಅವನು ಈಗ ತಾನೆ ನೀರು ಕುಡಿಯಲು ಎದ್ದು ಹೋದಂತೆ ಇದ್ದ ಜಾಗ ಪ್ರಪಂಚದಲ್ಲಿ ಇದೊಂದೇ. ಅವಳು ನಾಳೆ ನೆನಪಿಸು ಎಂಬುದರ ಮೇಲೆ ಒತ್ತಿದಳು. ಚೌಕ ಮಾಯವಾಯಿತು. ಹೊರಗೆ ಬರಬೇಕು ಎನ್ನುವಷ್ಟರಲ್ಲಿ ಕಣ್ಣು ಏನನ್ನೋ ಎಡವಿತು. ಕಳಾವರ್ ಗುಲಾಮ ತನ್ನ ಜಾಗದಲ್ಲಿರಲಿಲ್ಲ.

ಗುಲಾಮನನ್ನು ಯಾರೋ ಡೈಮಂಡ್ ರಾಣಿಯ ಮೇಲೆ ಇಟ್ಟಿದ್ದರು. ಗಂಡ ಇಟ್ಟಿರಲಿಲ್ಲ. ತೀರಿಕೊಂಡ ದಿನ ಬೆಳಿಗ್ಗೆ ತಟ್ಟೆ ಹಿಡಿದುಕೊಂಡೇ ಒಳಕೋಣೆಯಿಂದ ಬಂದು, ಗುಲಾಮನಿಗೆ ಇಬ್ಬರು ರಾಣಿಯರು ಕಾಯ್ತಿದಾರೆ, ಆಟೀನ್ ರಾಣಿ ಹತ್ತಿರ ಕಳಿಸಲೋ ಡೈಮಂಡ್ ರಾಣಿ ಹತ್ತಿರ ಕಳಿಸಲೋ, ಯಾರ ಹತ್ತಿರ ಕಳಿಸಿದರೂ ಇನ್ನೊಬ್ಬಳು ಮುನಿಸಿಕೊಳ್ತಾಳೆ ಎಂದಿದ್ದ. ನಿನಗೆ ಒಬ್ಬಳನ್ನೇ ಸುಧಾರಿಸೋಕೆ ಬರಲ್ಲ ಎಂದು ಅತ್ತೆ ಒಲೆಯ ಹತ್ತಿರದಿಂದಲೇ ಹೇಳಿದ್ದರು. ಅವಳು ಬೀಗದ ಕೈ ಹುಡುಕುತ್ತಿದ್ದಳು, ನಕ್ಕಿರಲಿಲ್ಲ. ಆಟೀನ್ ರಾಣಿ ಅಂದುಬಿಡಬಹುದಿತ್ತು, ಒಂದು ಮಾತು. ಈಗ ಮನೆಯಲ್ಲಿರುವವರು ಅತ್ತೆ ಒಬ್ಬರೇ. ಎಲ್ಲ ಮುಗಿದು ನೆಂಟರು ಹೊರಟುಹೋದ ಸಂಜೆ ಅವಳೇ ಆ ಕೋಣೆಗೆ ಹೋಗಿ, ಕುರ್ಚಿಯ ಕಡೆ ನೋಡದೆ, ಪರದೆಯ ದೀಪ ಆರಿಸಿ ಬಾಗಿಲು ಎಳೆದುಕೊಂಡು ಬಂದಿದ್ದಳು. ಮೇಜಿನ ಕೆಳಗೆ ಯಂತ್ರ ತನ್ನಷ್ಟಕ್ಕೆ ಉಸಿರಾಡಿಕೊಂಡಿರುವುದು ಅತ್ತೆಗೆ ಗೊತ್ತಿಲ್ಲ ಎಂದುಕೊಂಡಿದ್ದಳು. ಆಮೇಲೆ ಅವಳು ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಬಾಗಿಲಿನಿಂದ ಹೋಗಲಾಗದ ಕೋಣೆಗೆ ತಂತಿಯ ಮೂಲಕ ದಿನಾ ಮಧ್ಯಾಹ್ನ ಹೋಗಿ ಬರುತ್ತಿದ್ದಳು, ಅಷ್ಟೆ.

ಆ ಸಂಜೆ ಬಸ್ಸಿನಲ್ಲಿ ನಿಂತು ಬರುವಾಗ ಕೇಳಬೇಕಾದ ಮಾತನ್ನು ಹತ್ತಾರು ರೀತಿಯಲ್ಲಿ ಜೋಡಿಸಿಕೊಂಡಳು. ಯಾರನ್ನು ಕೇಳಿ ಮುಟ್ಟಿದಿರಿ? ಅದು ಹೆಚ್ಚಾಯಿತು. ಕೋಣೆ ಗುಡಿಸಿದಿರಾ ಅತ್ತೆ? ಅದು ಕಳ್ಳಮಾತು. ಯಾವುದನ್ನು ಕೇಳಿದರೂ ಅದರ ಬೆನ್ನಿಗೇ, ನಿನಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಬರುತ್ತಿತ್ತು. ಕಚೇರಿಯಿಂದ ನೋಡಿದೆ ಎನ್ನಬೇಕಾಗುತ್ತಿತ್ತು. ಕಚೇರಿಯಿಂದ ಕಾಣುತ್ತದಾ? ಕಾಣುತ್ತದೆ. ಹಾಗಾದರೆ ಆವತ್ತೂ ಕಾಣುತ್ತಿತ್ತಾ? ಅಲ್ಲಿಗೆ ಬಂದು ಅವಳ ಯೋಚನೆ ಬಾವಿಕಟ್ಟೆಯ ಮುಂದೆ ನಿಂತ ಮಗುವಿನ ಹಾಗೆ ಹಿಂದಕ್ಕೆ ಸರಿಯುತ್ತಿತ್ತು. ಮನೆಯಲ್ಲಿ ಅತ್ತೆ ಎಂದಿನ ಹಾಗೆ ಇದ್ದರು. ಚಹಾಕ್ಕೆ ಸಕ್ಕರೆ ಕಡಿಮೆಯಾಯಿತಾ ಎಂದು ಕೇಳಿದರು, ಇಲ್ಲ ಎಂದಳು. ಬಸ್ಸು ಸಿಕ್ಕಿತಾ ಎಂದರು, ಸಿಕ್ಕಿತು ಎಂದಳು. ಮದುವೆಯಾದ ಹೊಸದರಲ್ಲಿ ಇಬ್ಬರೂ ಸೇರಿ ಅವನನ್ನು ಆಡಿಕೊಂಡು ನಗುತ್ತಿದ್ದವರು. ಈಗ ನಡುವೆ ಇದ್ದವನು ಹೋದ ಮೇಲೆ, ಒಂದೇ ಬೆಂಚಿನಲ್ಲಿ ಬೇರೆ ಬೇರೆ ಬಸ್ಸಿಗೆ ಕಾಯುವವರ ಹಾಗೆ ಆಗಿದ್ದರು. ಸೊಸೆ ಕಣ್ಣೀರು ಹಾಕಲಿಲ್ಲ ಎಂದು ನೆಂಟರಲ್ಲಿ ಒಬ್ಬರು ಅಂದದ್ದು ಅವಳ ಕಿವಿಗೆ ಬಿದ್ದಿತ್ತು. ಅತ್ತೆಯ ಕಿವಿಗೂ ಬಿದ್ದಿರಬೇಕು. ಎಷ್ಟೋ ವರ್ಷ ದೂರವಾಣಿ ಕೇಂದ್ರದಲ್ಲಿ ಕೂತು ಊರಿನವರ ಮಾತಿಗೆ ತಂತಿ ಸೇರಿಸಿಕೊಟ್ಟ ಕಿವಿ ಅದು. ಏನನ್ನೂ ಬಿಡುತ್ತಿರಲಿಲ್ಲ, ಏನನ್ನೂ ಹೊರಗೆ ಹಾಕುತ್ತಿರಲಿಲ್ಲ.

ಮರುದಿನ ಮತ್ತೊಂದು ಎಲೆ ಸರಿದಿತ್ತು. ಅದರ ಮರುದಿನ ಇನ್ನೊಂದು. ದಿನಕ್ಕೆ ಒಂದೇ ಒಂದು, ಔಷಧಿ ತೆಗೆದುಕೊಳ್ಳುವ ಹಾಗೆ. ಅವನು ನಿಲ್ಲಿಸಿದ್ದ ಆಟ ನಿಂತಲ್ಲಿಂದ ಹೊರಟು ಎಲ್ಲಿಗೋ ಹೋಗುತ್ತಿತ್ತು, ಅವಳು ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದಳು. ಅವಳ ಕೆಲಸ ಔಷಧಿ ಡಬ್ಬಿಗಳೊಳಗೆ ಮಡಿಸಿಡುವ ಸೂಚನಾ ಚೀಟಿಗಳ ಕರಡು ತಿದ್ದುವುದು. ಒಂದು ಚುಕ್ಕೆ ಅತ್ತಿತ್ತ ಆದರೆ ಅರ್ಧ ಮಾತ್ರೆ ಐದು ಮಾತ್ರೆಯಾಗುತ್ತದೆ. ಹಾಗಾಗದಂತೆ, ತಪ್ಪಿದ್ದನ್ನು ಮೊದಲಿದ್ದ ಜಾಗಕ್ಕೆ ತಂದಿಡುವುದಕ್ಕೆ ಅವಳಿಗೆ ಸಂಬಳ. ಅಂಥವಳ ಕಣ್ಣೆದುರೇ ದಿನಾ ಒಂದು ಎಲೆ ಜಾಗ ಬಿಟ್ಟು ಹೋಗುವುದನ್ನು ಅವಳು ಸಹಿಸಿದ್ದು ಹೇಗೋ. ಒಂದು ಮಧ್ಯಾಹ್ನ ಸಹಿಸಲಿಲ್ಲ. ಆಟದ ಕೆಳಗಡೆ ಹಿಂದಕ್ಕೆ ಎಂಬ ಗುಂಡಿಯಿತ್ತು, ಒತ್ತಿದರೆ ಕೊನೆಯ ಎಲೆ ಬಂದ ದಾರಿಯಲ್ಲೇ ವಾಪಸ್ಸು. ಒತ್ತಿದಳು. ಎಲೆ ಜಾರಿಕೊಂಡು ಹೋಗಿ ಮೊದಲಿನ ಜಾಗದಲ್ಲಿ ಕೂತಿತು. ಮತ್ತೆ ಒತ್ತಿದಳು, ಇನ್ನೊಂದು ಎಲೆ. ಹೀಗೆ ಒತ್ತುತ್ತಾ ಗುಲಾಮನವರೆಗೂ ಬಂದು, ಅವನನ್ನೂ ಡೈಮಂಡ್ ರಾಣಿಯ ಮೇಲಿಂದ ಎಳೆದು ತಂದು ಕೈಬಿಟ್ಟಾಗ, ಅವಳು ಮುಟ್ಟದೆಯೇ ಪರದೆಯ ಮೇಲಿನ ಬಾಣ ಅಲುಗಿತು. ಸ್ವಲ್ಪವೇ ಸ್ವಲ್ಪ. ಮುದಿಕೈಯೊಂದು ಮೌಸಿನ ಮೇಲಿಂದ ಥಟ್ಟನೆ ಹಿಂದಕ್ಕೆ ಹೋದರೆ ಎಷ್ಟು ಅಲುಗುತ್ತದೋ ಅಷ್ಟು.

ಅತ್ತೆ ಅಲ್ಲೇ ಕೂತಿದ್ದರು. ಸತ್ತ ಮಗನ ಆಟದ ಎಲೆಗಳು ಒಂದರ ಹಿಂದೊಂದು ತಾವಾಗಿಯೇ ವಾಪಸ್ಸು ಹೋಗುವುದನ್ನು ನೋಡುತ್ತಾ ಕೂತಿದ್ದರು. ಕಚೇರಿಯಲ್ಲಿ ಅವಳೂ ಮೌಸಿನಿಂದ ಕೈ ತೆಗೆದಳು. ಎರಡೂ ಕಡೆ ಒಂದೇ ಪರದೆ, ಒಂದೇ ಬಾಣ: ಈ ಏರ್ಪಾಡು ಮಾಡಿದ ಹೊಸದರಲ್ಲಿ ಅವನು ಅವಳನ್ನು ಹಜಾರದಲ್ಲೂ ಅಮ್ಮನನ್ನು ಒಳಕೋಣೆಯಲ್ಲೂ ಕೂರಿಸಿ ತೋರಿಸಿಕೊಟ್ಟಿದ್ದ. ಒಬ್ಬರು ಹಿಡಿದಾಗ ಇನ್ನೊಬ್ಬರು ಬಿಡಬೇಕು, ಇಬ್ಬರೂ ಒಟ್ಟಿಗೆ ಹಿಡಿದರೆ ಬಾಣ ಯಾರ ಮಾತೂ ಕೇಳದೆ ನಿಂತಲ್ಲೇ ನಡುಗುತ್ತದೆ. ಇಬ್ಬರೂ ಬಿಟ್ಟಿರಲಿಲ್ಲ, ಬೇಕೆಂದೇ. ಪಾಪ, ಇದಕ್ಕೂ ನನ್ನ ಗತಿಯೇ ಬಂತು ಎಂದು ಅವನು ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ನಿಂತು ನಕ್ಕಿದ್ದ. ಆಮೇಲೆ ಅದು ಗಂಡಹೆಂಡಿರ ಆಟವಾಯಿತು. ಕಚೇರಿಯಿಂದ ಏನಾದರೂ ಬೇಕಾಗಿ ಅವಳು ಒಳಗೆ ಬಂದಾಗ ಬಾಣವನ್ನು ಎರಡು ಸಲ ಅಲುಗಿಸುವುದು, ಅವನು ಮರಳಿ ಎರಡು ಸಲ ಅಲುಗಿಸುವುದು. ಬಾಗಿಲು ತಟ್ಟಿದ ಹಾಗೆ, ಬಾ ಎಂದ ಹಾಗೆ.

ಆವತ್ತು ಅವಳು ಎರಡು ಸಲ ಅಲುಗಿಸಿದ್ದಳು, ಬಾಣ ಉತ್ತರ ಕೊಟ್ಟಿರಲಿಲ್ಲ. ಇದೇ ಕುರ್ಚಿ, ಊಟದ ಇದೇ ಹೊತ್ತು. ತಿದ್ದಿದ ಕರಡೊಂದು ಮನೆಯಲ್ಲೇ, ಸೋದರತ್ತೆಯ ಹೊಟ್ಟೆಯಲ್ಲಿ ಉಳಿದುಬಿಟ್ಟಿತ್ತು, ತೆಗೆದುಕೊಳ್ಳಲು ಬಂದಿದ್ದಳು. ಬಾಣ ಕಳಾವರ್ ಗುಲಾಮನ ಮೇಲೆ ನಿಂತಿತ್ತು. ಕೂತಲ್ಲೇ ನಿದ್ದೆ ಹೋಗಿದ್ದಾರೆ ಎಂದುಕೊಂಡಳು. ಗಿರಾಕಿ ಬೆಳಿಗ್ಗೆಯೇ ಫೋನು ಮಾಡಿ ನಕ್ಷೆ ಎಲ್ಲಿ ಎಂದು ಬೈದಿದ್ದ, ಇವರು ನೋಡಿದರೆ ಇಸ್ಪೀಟು ಹರಡಿಕೊಂಡು ಗೊರಕೆ. ಆಟದ ಮೇಲೊಂದು ಖಾಲಿ ಪುಟ ತೆರೆದು ದೊಡ್ಡ ಅಕ್ಷರಗಳಲ್ಲಿ ಬರೆದಳು: ನಿದ್ದೆ ಮಾಡಿದ್ದು ಸಾಕು, ಏಳಿ ಮಹಾರಾಯರೇ. ಬರೆದು, ಕರಡು ತೆಗೆದುಕೊಂಡು, ಮಾತ್ರೆಗಳ ಪ್ರಮಾಣ ತಾಳೆ ನೋಡುತ್ತಾ ಕೂತಳು. ಯಾವ ಲಕ್ಷಣ ಕಂಡರೆ ತಕ್ಷಣ ವೈದ್ಯರನ್ನು ಕಾಣಬೇಕು ಎಂಬ ಸಾಲಿನಲ್ಲಿ ಒಂದು ಅಲ್ಪವಿರಾಮ ತಪ್ಪಿತ್ತು, ಸರಿಮಾಡಿದಳು. ಫೋನು ಬಂತು. ಇವನು ಏಳ್ತಿಲ್ಲ ಕಣೇ ಎಂದರು ಅತ್ತೆ, ಕೂಗಲಿಲ್ಲ, ಸುಮ್ಮನೆ ಹೇಳಿದರು. ಅವಳು ಎದ್ದು ನಿಂತಳು. ಕೈಚೀಲ ತೆಗೆದುಕೊಳ್ಳುವ ಮೊದಲು, ಅತ್ತೆಗೆ ಒಂದು ಮಾತು ಹೇಳುವ ಮೊದಲು, ಅವಳ ಬಲಗೈ ಕೆಳಗಿಳಿದು ಆ ಸಾಲನ್ನು ಅಳಿಸಿತು. ಯಾರಾದರೂ ಬಂದು ನೋಡಿದರೆ ಏನಂದುಕೊಂಡಾರು, ಇದು ಅವಳ ಮನಸ್ಸಿಗೆ ಬಂದ ಮೊದಲ ಯೋಚನೆ. ಅಕ್ಷರ ಅಕ್ಷರವಾಗಿ ಅಳಿಸಿ, ಪುಟ ಮುಚ್ಚಿ, ಅವನ ಆಟವನ್ನು ಮೊದಲಿದ್ದಂತೆ ಮುಂದಕ್ಕೆ ತಂದಿಟ್ಟು, ಆಮೇಲೆ ಓಡಿದಳು. ಕೈ ನಡುಗಿರಲಿಲ್ಲ. ಈಗಲೂ ಅವಳನ್ನು ಹೆಚ್ಚು ಕಾಡುತ್ತಿದ್ದುದು ಅದೇ, ಆ ಕೈ ನಡುಗದೆ ಇದ್ದದ್ದು.

ಎಲೆಗಳನ್ನು ಹಿಂದಕ್ಕೆ ಇಟ್ಟ ದಿನದ ಸಂಜೆ ತಟ್ಟೆಗಳನ್ನು ತೊಳೆದಿಡುವಾಗ ಅತ್ತೆ ಬೆನ್ನು ತಿರುಗಿಸಿಕೊಂಡೇ ಹೇಳಿದರು. "ಇವತ್ತು ಗುಲಾಮ ತಾನೇ ಎದ್ದು ವಾಪಸ್ ಹೋದ."

ಅವಳ ಕೈಯಲ್ಲಿ ಲೋಟವಿತ್ತು. ಅದನ್ನು ಒರೆಸಿದಳು, ಒಣಗಿದ ಮೇಲೂ ಒರೆಸಿದಳು. ಹೇಳಬೇಕಾಗಿದ್ದ ಹೊತ್ತು ಇದೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾನು ಅತ್ತೆ, ಅದು ನಾನು. ಆದರೆ ಆ ಮುದುಕಿಯ ಬೆನ್ನು ಏನನ್ನೋ ಕಾಯುತ್ತಿರುವ ಹಾಗೆ ಕಂಡಿತು. ಮಗ ಬಂದಿದ್ದ ಎಂದು ನಂಬಿಕೊಂಡ ಬೆನ್ನು ಅದು ಅನ್ನಿಸಿತು. ನಂಬಿದ್ದರೆ ಅದನ್ನು ಕಿತ್ತುಕೊಳ್ಳುವುದಕ್ಕೆ ತಾನು ಯಾರು? ಹೀಗೆ ಕರುಣೆಯ ಹೆಸರಿನಲ್ಲಿ ತಾನು ತಪ್ಪಿಸಿಕೊಳ್ಳುತ್ತಿದ್ದೇನೆ ಎಂಬುದೂ ಗೊತ್ತಿದ್ದರಿಂದ ಕೆಂಪಾದ ಮುಖವನ್ನು ಲೋಟಗಳ ಕಪಾಟಿನೊಳಗೆ ಬಗ್ಗಿಸಿದಳು. ಹೌದಾ ಎಂದಳು. ಅತ್ತೆ ನಲ್ಲಿ ಬಿಗಿಮಾಡಿದರು. ವಾಷರ್ ಬದಲಿಸದ ಆ ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು.

ಅಲ್ಲಿಂದ ಮುಂದೆ ಮಧ್ಯಾಹ್ನಗಳು ಬೇರೆಯೇ ಆದವು. ಅವಳು ಒಳಗೆ ಬರುವ ಹೊತ್ತಿಗೆ ಅತ್ತೆ ಕೂತಿರುತ್ತಿದ್ದರು. ಅವರು ಒಂದು ಎಲೆ ಸರಿಸಿ ಕೈ ತೆಗೆದು ಕಾಯುತ್ತಿದ್ದರು. ನಡೆ ಚೆನ್ನಾಗಿದ್ದರೆ ಅವಳು ಸುಮ್ಮನಿರುತ್ತಿದ್ದಳು, ಇಲ್ಲದಿದ್ದರೆ ಹಿಂದಕ್ಕೆ ಇಡುತ್ತಿದ್ದಳು. ಅತ್ತೆ ಯೋಚಿಸಿ ಬೇರೆ ನಡೆ ಹುಡುಕುತ್ತಿದ್ದರು. ಕೆಲವೊಮ್ಮೆ ಕುರುಡರಿಗೂ ಕಾಣುವಂಥ ತಪ್ಪು ಮಾಡಿ ಕೂತುಬಿಡುತ್ತಿದ್ದರು. ಅದನ್ನು ಸರಿಪಡಿಸುವಾಗ ಅವಳಿಗೆ ಅವರು ಬೇಕೆಂದೇ ಮಾಡಿದ್ದು ಅನ್ನಿಸುತ್ತಿತ್ತು, ಕೈ ಹಿಡಿಸಿಕೊಳ್ಳಲೆಂದೇ ಮೆಟ್ಟಿಲಲ್ಲಿ ನಿಲ್ಲುವವರ ಹಾಗೆ. ಪರದೆಯ ಆಚೆಯವರು ಮಗ ಎಂದುಕೊಂಡು ಆಡುತ್ತಿದ್ದಾರೆ, ಈಚೆ ಕೂತವಳು ಅವನ ಉಡುಪು ಹಾಕಿಕೊಂಡು ಕೂತಿದ್ದಾಳೆ. ಇದಕ್ಕಿಂತ ಕೀಳಾದದ್ದು ಇನ್ನೇನಿದೆ ಎಂದುಕೊಳ್ಳುತ್ತಲೇ ಅವಳು ಬೆಳಗಿನಿಂದ ಆ ಹೊತ್ತಿಗೆ ಕಾಯುತ್ತಿದ್ದಳು. ಪಕ್ಕದ ಮೇಜಿನವಳು, ಈಚೆಗೆ ನಿನ್ನ ಮುಖದಲ್ಲಿ ಸ್ವಲ್ಪ ಕಳೆ ಬಂದಿದೆ ಎಂದಳು. ಹಾಗೆ ಅನ್ನಿಸಿಕೊಂಡದ್ದಕ್ಕೆ ಅವಳು ಆ ದಿನವಿಡೀ ಕುಗ್ಗಿದಳು. ಸಂಜೆ ಮನೆಗೆ ಹೋದರೆ ಅದೇ ಚಹಾ, ಅದೇ ಬಸ್ಸು ಸಿಕ್ಕಿತಾ. ಮಧ್ಯಾಹ್ನ ಒಂದೇ ಬಾಣ ಹಿಡಿದು ಆಡಿದವರು ಇವರೇ ಎಂದು ನೋಡಿದ ಯಾರೂ ಹೇಳುವ ಹಾಗಿರಲಿಲ್ಲ.

ಹೀಗಿರುವಾಗ ಒಂದು ದಿನ ಮೂಲೆಯ ಚೌಕ ನಡುವಿಗೆ ಬಂದು ಕೂತಿತ್ತು, ದೊಡ್ಡದಾಗಿ, ಆಟವನ್ನೆಲ್ಲ ಮುಚ್ಚಿ. ಇನ್ನು ಮುಂದೂಡಲು ಬರುವುದಿಲ್ಲ, ಇವತ್ತು ಯಂತ್ರ ತಾನಾಗಿಯೇ ಮುಚ್ಚಿ ತೆರೆದುಕೊಳ್ಳುತ್ತದೆ ಎಂದಿತ್ತು. ನಾಳೆ ನೆನಪಿಸು ಎಂಬುದು ಇದ್ದ ಜಾಗ ಖಾಲಿ. ಕೆಳಗೆ ಸರಿ ಎಂಬ ಒಂದೇ ಗುಂಡಿ. ಅತ್ತೆಯ ಬಾಣ ಆ ಚೌಕದ ಸುತ್ತ ತಿರುಗುತ್ತಿತ್ತು, ಗುಂಡಿಯ ಹತ್ತಿರ ಹೋಗುತ್ತಿತ್ತು, ಹೆದರಿ ಸರಿಯುತ್ತಿತ್ತು. ಅವಳು ಅಲ್ಲಿ ಇಲ್ಲಿ ಒತ್ತಿ ನೋಡಿದಳು. ಅವನಾಗಿದ್ದರೆ ಏನಾದರೂ ಮಾಡುತ್ತಿದ್ದ. ಅವಳಿಗೆ ಬರುತ್ತಿದ್ದುದು ಮುಂದೂಡುವುದೊಂದೇ. ಅವಳು ಎದ್ದು, ತಲೆ ನೋಯುತ್ತಿದೆ ಎಂದು ಮೇಲ್ವಿಚಾರಕರಿಗೆ ಹೇಳಿದಳು. ಅವರು ಅವಳ ಮುಖ ನೋಡದೆಯೇ, ಬೇಗ ಬೇಗ, ಹೋಗಿ ಹೋಗಿ ಎಂದರು. ಮೆಟ್ಟಿಲಲ್ಲಿ ಎದುರಾದ ಪಕ್ಕದ ಮೇಜಿನವಳು ಅವಳ ತೋಳು ಹಿಡಿದು, ಒಂದು ಸಲ ಅತ್ತುಬಿಡು, ಹಗುರಾಗುತ್ತೆ ಎಂದು, ಸುಲಿಯದ ಕಿತ್ತಳೆಯೊಂದನ್ನು ಕೈಗೆ ತುರುಕಿದಳು. ಬಸ್ಸು ಹಗಲು ಹೊತ್ತಿನದಾಗಿ ಖಾಲಿಯಿತ್ತು. ಕಿತ್ತಳೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಉದ್ದಕ್ಕೂ ಅಂಗೈಯಲ್ಲೇ ಹಿಡಿದುಕೊಂಡು ಕೂತಳು. ಆವತ್ತೂ ಇದೇ ದಾರಿ. ಆವತ್ತು ಬಸ್ಸು ನಿಂತಲ್ಲೆಲ್ಲ ನಿಲ್ಲಬೇಡ ಎಂದುಕೊಂಡಿದ್ದಳು. ಇವತ್ತೂ ಹಾಗೆಯೇ ಅನ್ನಿಸಿತು, ಯಾರೋ ಇನ್ನೂ ಉಳಿದಿರುವ ಹಾಗೆ.

ಒಳಕೋಣೆಯ ಬಾಗಿಲು ತೆರೆದಿತ್ತು. ಅವನ ಕುರ್ಚಿಯಲ್ಲಿ ಅತ್ತೆ ಕೂತಿದ್ದರು, ಕಾಲು ನೆಲಕ್ಕೆ ಸರಿಯಾಗಿ ತಾಕದೆ. ಪರದೆಯಲ್ಲಿ ಚೌಕ ಹಾಗೇ ಇತ್ತು. ಅವಳು ಹೊಸ್ತಿಲಲ್ಲಿ ನಿಂತಳು.

"ಬಂದ್ಯಾ," ಎಂದರು ಅತ್ತೆ, ತಿರುಗದೆ. "ಇದೇನೋ ಬಂದು ಕೂತಿದೆ ನೋಡು. ಸರಿ ಅಂತ ಒಂದೇ ಇದೆ. ಸರಿಯಲ್ಲ ಅನ್ನೋಕೆ ಜಾಗವೇ ಇಟ್ಟಿಲ್ಲ."

ಹೊತ್ತಲ್ಲದ ಹೊತ್ತಿನಲ್ಲಿ ಯಾಕೆ ಬಂದೆ ಎಂದು ಅವರು ಕೇಳದಿದ್ದುದು ಅವಳಿಗೆ ಆಮೇಲೆ ಹೊಳೆಯಿತು. ಅದನ್ನು ನಿಲ್ಲಿಸೋಕೆ ಆಗಲ್ಲ, ಮುಚ್ಚಿಕೊಂಡರೆ ಎಲ್ಲ ಹೋಗುತ್ತೆ ಎಂದು ಅವಳು ಹೇಳಿದಳು. ಹೇಳುತ್ತಾ ಹೇಳುತ್ತಾ, ಅದರ ಬಾಲಕ್ಕೆ ಕಟ್ಟಿದಂತೆ, ಉಳಿದದ್ದೂ ಬಂತು. "ಅತ್ತೆ, ಎಲೆ ಹಿಂದಕ್ಕೆ ಇಡ್ತಿದ್ದದ್ದು..."

"ನೀನು."

ಹೊರಗೆ ಯಾರದೋ ಸೈಕಲ್ ಗಂಟೆ ಹೊಡೆದುಕೊಂಡು ಹೋಯಿತು. ಅತ್ತೆ ಕುರ್ಚಿಯನ್ನು ಅವಳ ಕಡೆ ತಿರುಗಿಸಲು ನೋಡಿದರು, ಕಾಲು ಸಾಲದೆ ಅರ್ಧ ತಿರುಗಿತು.

"ಅವನಾಗಿದ್ರೆ ಹಿಂದಕ್ಕೆ ಇಡ್ತಿರಲಿಲ್ಲ ಕಣೇ. ಹಾಕಿದ ಎಲೆ ಹಾಕಿದ್ದೇ ಅಂತ ಸೋತು ನಗ್ತಿದ್ದ, ಚಿಕ್ಕವನಿದ್ದಾಗಿಂದಾನೂ ಅಷ್ಟೇ. ಹಿಂದಕ್ಕೆ ಇಡೋದು ನಿನ್ನ ಬುದ್ಧಿ. ಅದೂ ಅಲ್ಲದೆ ಆವತ್ತೇ ನೋಡಿದ್ದೆನಲ್ಲ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಫೋನು ನನ್ನ ಕಿವಿಯಲ್ಲಿತ್ತು. ನೀನು ಏನೂ ಅನ್ನಲಿಲ್ಲ. ಇಲ್ಲಿ ಅಕ್ಷರ ಒಂದೊಂದೇ ಅಳಿಸಿಹೋಗ್ತಿತ್ತು, ಕೊನೆಯಿಂದ. ನೋಡ್ತಾ ನಿಂತಿದ್ದೆ."

"ಓದಿದ್ರಾ?"

"ಮೊದಲೇ ಓದಿದ್ದೆ."

ಇಷ್ಟು ವಾರಗಳಿಂದ ಅವಳು ಕಾದಿಟ್ಟಿದ್ದು, ಬಸ್ಸಿನಲ್ಲಿ, ಬಚ್ಚಲಲ್ಲಿ, ಲೋಟಗಳ ಕಪಾಟಿನಲ್ಲಿ ಬಚ್ಚಿಟ್ಟಿದ್ದು, ಮೊದಲ ದಿನದಿಂದಲೂ ಈ ಮುದುಕಿಯ ಮಡಿಲಲ್ಲೇ ಇತ್ತು. ಅದನ್ನು ಇಟ್ಟುಕೊಂಡೇ ಅವರು ಚಹಾಕ್ಕೆ ಸಕ್ಕರೆ ಹಾಕಿದ್ದರು. ಗುಲಾಮ ತಾನೇ ವಾಪಸ್ ಹೋದ ಎಂದು ಬೆನ್ನು ತಿರುಗಿಸಿ ನಿಂತದ್ದು ನಂಬಿಕೆಯಿಂದಲ್ಲ. ಸೊಸೆಗೆ ಮುಖ ಎತ್ತದೆ ಹೇಳಲು ಅನುಕೂಲವಾಗಲಿ ಎಂದು. ಅವಳು ಹೌದಾ ಎಂದಿದ್ದಳು.

"ಬೈಯಿರಿ ಅತ್ತೆ," ಎಂದಳು.

"ಬೈಯೋಕೆ ನನಗೆ ಯಾವ ಬಾಯಿದೆ?" ಅತ್ತೆ ಪರದೆಯ ಕಡೆ ನೋಡಿಕೊಂಡು ಹೇಳಿದರು. "ನೀನು ಬರೆದದ್ದನ್ನ ನಾನು ಅಂದಿದ್ದೆ. ನೀನು ನಿಂತಿದ್ದೀಯಲ್ಲ, ಅಲ್ಲೇ ನಿಂತ್ಕೊಂಡು. ಏಳೋ ಮಹಾರಾಯ, ಕತ್ತು ಹಿಡ್ಕೊಳ್ಳುತ್ತೆ ಅಂದೆ. ಏಳಲಿಲ್ಲ. ಏಳದೆ ಇದ್ರೆ ಬಿಡು ಅಂತ ನನ್ನ ಕೋಣೆಗೆ ಹೋಗಿ ಬಟ್ಟೆ ಮಡಿಸ್ತಾ ಕೂತೆ. ಎಲ್ಲಾ ಮಡಿಸಿ ಮುಗಿಸಿದ ಮೇಲೆ ಬಂದು ಮುಟ್ಟಿದ್ದು. ನಿಂದಾದ್ರೂ ಅಳಿಸೋಕೆ ಬಂತು. ನಂದು ಬಾಯಲ್ಲಿ ಅಂದದ್ದು."

ಅವಳು ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಮೇಜಿನ ಕೆಳಗೆ ದೊಡ್ಡಣ್ಣ ಗುಂಯ್‌ಗುಡುವುದು ಕಿವಿಗೆ ಹತ್ತಿರವಾಗಿತ್ತು. ಮತ್ತೆ ಯಾಕೆ ಆಡಿದಿರಿ, ಗೊತ್ತಿದ್ದೂ ಎಂದು ಕೇಳಿದಳು.

"ಮಧ್ಯಾಹ್ನ ನೀನು ಬರ್ತಿದ್ದೆ," ಎಂದರು ಅತ್ತೆ. "ಸಂಜೆ ಬರೋಳು ಚೀಲ ಇಟ್ಟು ಕೈ ತೊಳ್ಕೋತಾಳೆ, ಅಷ್ಟೇ."

ಅವಳ ಅಂಗೈಯಲ್ಲಿ ಬೆಚ್ಚಗಾಗಿದ್ದ ಕಿತ್ತಳೆಯನ್ನು ಅವರು ಬಗ್ಗಿ ತೆಗೆದುಕೊಂಡು, ಉಗುರು ಹಾಕಿ ಸುಲಿಯತೊಡಗಿದರು. ಸಿಪ್ಪೆಯನ್ನು ಮಡಿಲಲ್ಲಿಟ್ಟುಕೊಂಡು ಒಂದು ತೊಳೆ ಅವಳಿಗೆ ಕೊಟ್ಟರು. ಬಾಯಿಗೆ ಹಾಕಿಕೊಂಡಾಗ ಹುಳಿ ಕಣ್ಣಿನವರೆಗೂ ಹತ್ತಿತು, ಆಮೇಲೆ ಅದು ಬರೀ ಹುಳಿಯಾಗಿ ಉಳಿಯಲಿಲ್ಲ. ಅತ್ತೆ ಇನ್ನೊಂದು ತೊಳೆ ಹಿಡಿದುಕೊಂಡು ಕಾದರು. ಅಳಬೇಡ ಎನ್ನಲಿಲ್ಲ, ಅಳು ಎಂದೂ ಅನ್ನಲಿಲ್ಲ. ಮಗನ ಕುರ್ಚಿಯಲ್ಲಿ ಕೂತವರ ಕಾಲು ಅವಳ ಭುಜಕ್ಕೆ ತಾಕಿಕೊಂಡಿತ್ತು, ಅದನ್ನು ಸರಿಸಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವಳು ತಲೆ ಎತ್ತಿದಾಗ ಮೇಜಿನ ಕೆಳಗಿನ ಸದ್ದು ನಿಂತು, ಮತ್ತೆ ಹೊಸದಾಗಿ ಶುರುವಾಗಿತ್ತು. ಪರದೆಯಲ್ಲಿ ಗುಲಾಮನಿರಲಿಲ್ಲ, ಇಬ್ಬರು ರಾಣಿಯರಿರಲಿಲ್ಲ, ಬಾಯಿ ತೆರೆದ ಮನುಷ್ಯನಿರಲಿಲ್ಲ. ಯಾವಾಗ ಹೋಯಿತೆಂದು ಇಬ್ಬರೂ ನೋಡಿರಲಿಲ್ಲ. ನೀವು ಯಾರು, ಗುಪ್ತಪದ ಹೇಳಿ ಎಂದು ಯಂತ್ರ ಕೇಳುತ್ತಿತ್ತು. ಅವಳು ಅತ್ತೆಗೆ ಗುಪ್ತಪದ ಹೇಳಿಕೊಟ್ಟಳು. ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಖಾಲಿ ನೀಲಿ ತೆರೆದುಕೊಂಡಿತು. ಇಷ್ಟೇನಾ ಎಂದರು ಅತ್ತೆ. ಇಷ್ಟೇ ಎಂದಳು.

ಮರುದಿನ ಊಟದ ಹೊತ್ತಿಗೆ ಎಲ್ಲರೂ ಎದ್ದುಹೋದರು. ಅವಳು ಹಿಂದಕ್ಕೆ ತಿರುಗಿ ನೋಡಲಿಲ್ಲ, ಕರಡು ಹಾಳೆಗಳನ್ನು ಮರೆಗೆ ನಿಲ್ಲಿಸಲಿಲ್ಲ. ಕಾಗದದ ಮೇಲಿದ್ದ ತೊಳೆಗಳಲ್ಲಿ ಒಂದನ್ನು ತಿಂದಳು. ಕಾಯುವುದಕ್ಕೆ ಅಲ್ಲಿ ಏನೂ ಉಳಿದಿಲ್ಲವೆಂದು ಗೊತ್ತಿದ್ದೂ ಕೈ ತನ್ನ ರೂಢಿಯಂತೆ ಹೋಯಿತು. ಸೋದರತ್ತೆ, ಭಾವ, ದೊಡ್ಡಣ್ಣ. ಹಸಿರು ಚುಕ್ಕೆ. ಬೂದು ಕಳೆದು ನೀಲಿ ಬಂತು, ಆ ತುದಿಯಿಂದ ಈ ತುದಿಯವರೆಗೆ ಬರೀ ನೀಲಿ. ಮೂಲೆಯಲ್ಲಿ ಏನನ್ನೂ ಕೇಳುವ ಚೌಕವಿಲ್ಲ. ಬಾಣ ನಡುವೆ ನಿಂತಿತ್ತು. ನೋಡುತ್ತಿದ್ದಂತೆ ಅದು ಅಲುಗಿತು, ಎರಡು ಸಲ, ಅಳುಕಿ ಅಳುಕಿ, ಮಗ ಹೇಳಿಕೊಟ್ಟದ್ದನ್ನು ಎಷ್ಟೋ ಕಾಲದ ಮೇಲೆ ನೆನಪಿಸಿಕೊಂಡ ಹಾಗೆ. ಅವಳು ಮೌಸಿನ ಮೇಲೆ ಕೈಯಿಟ್ಟಳು. ಆ ಕಡೆಯವರು ಬಿಡಬೇಕಾಗಿತ್ತು, ಅಥವಾ ಇವಳು ಬಿಡಬೇಕಾಗಿತ್ತು. ಇಬ್ಬರೂ ಬಿಡಲಿಲ್ಲ. ಆ ಖಾಲಿಯ ನಟ್ಟನಡುವೆ ಬಾಣ ಅತ್ತಲೂ ಹೋಗದೆ ಇತ್ತಲೂ ಬಾರದೆ ನಿಂತಲ್ಲೇ ನಡುಗತೊಡಗಿತು.